ಎಲ್ಫಾಸನ ಕಡಲ್ಗಳ್ಳ ಬಾವುಟ

ಸಮುದ್ರವನ್ನು ಒಮ್ಮೆಯೂ ಕಾಣದ ಎಲ್ಫಾಸ್ ಮಾವುಸೊನಿಗೆ ಕಡಲ್ಗಳ್ಳರೆಂದರೆ ಪ್ರಾಣ. ಚಿನ್ನದ ಗಣಿಗಳ ಒಳನಾಡಿನ ಓರ್ಲಾಂಡೊದಲ್ಲಿ ಹುಟ್ಟಿದವನಿಗೆ ಅದೇನೂ ವಿಚಿತ್ರವಲ್ಲ. ಅಲ್ಲಿನ ಫುಟ್‌ಬಾಲ್ ತಂಡದ ಹೆಸರೇ ಪೈರೇಟ್ಸ್, ಅಂದರೆ ಕಡಲ್ಗಳ್ಳರು. ತಲೆಬುರುಡೆ, ಅಡ್ಡಮೂಳೆಗಳ ಕಪ್ಪು ಬಾವುಟ ಅವನ ಗೇಟಿನ ಪಕ್ಕದ ಕಂಬದಲ್ಲಿ ವರ್ಷವಿಡೀ ಹಾರುತ್ತಿತ್ತು. (ಹೆಂಡತಿ ಮಾರದೆಬೆ ಅದನ್ನು ಒಗೆಯುತ್ತಿದ್ದಳು, ಆದರೆ ಬೈಯದೆ ಒಗೆದದ್ದಿಲ್ಲ.)

ಆ ಶನಿವಾರ ಮಗಳು ಬೊಂಗಿವೆಯನ್ನು ಕೇಳಲು ಹುಡುಗನ ಕಡೆಯ ಹಿರಿಯರು ದೂರದ ನೊಂಗೋಮಾದಿಂದ ಬರುವವರಿದ್ದರು. ಅದೇ ಮಧ್ಯಾಹ್ನ ಪೈರೇಟ್ಸ್‌ಗೆ ಹಳದಿ ಅಂಗಿಯವರ ಎದುರು ಪಂದ್ಯ. ಹೆಣ್ಣಿನ ತಂದೆ ಇಂಥ ಮಾತುಕತೆಯಲ್ಲಿ ತಾನೇ ಬಾಯಿ ಬಿಡುವಂತಿಲ್ಲ. ಆದ್ದರಿಂದ ಎಲ್ಫಾಸ್ ತನ್ನ ತಮ್ಮನನ್ನು ಕೂರಿಸಿಕೊಂಡು, ಹುಡುಗನ ಕಡೆಯವರು ವಧುದಕ್ಷಿಣೆಯಾಗಿ ಕೊಡಬೇಕಾದ ಹನ್ನೊಂದು ಹಸುಗಳಲ್ಲಿ ಒಂದು ಕರುವೂ ಕಡಿಮೆಯಾಗಕೂಡದೆಂದು ಗಿಳಿಪಾಠ ಮಾಡಿಸಿದ್ದ. ಬೆಳಿಗ್ಗೆ ಬರಬೇಕಾದವರು ಊಟದ ಹೊತ್ತಾದರೂ ಬರಲಿಲ್ಲ. ಕಾದು ಸಾಕಾದ ತಮ್ಮ ಪಂದ್ಯ ನೋಡಲು ಮೈದಾನಕ್ಕೆ ಹೊರಟುಹೋದ.

ಮಾರದೆಬೆ ಅಡುಗೆಮನೆಯಿಂದಲೇ ಆಜ್ಞೆ ಹೊರಡಿಸಿದಳು. "ಬೊಂಗಿವೆ ಅಪ್ಪಾ, ಆ ಬುರುಡೆ ಇಳ್ಸಿ. ಬೀಗರಾಗೋರು ನೋಡಿದ್ರೆ ಸ್ಮಶಾನ ಅಂದ್ಕೋತಾರೆ."

ಎಲ್ಫಾಸ್ ಇತಿಹಾಸ ತೆಗೆದ. ಹಿಂದಿನ ಕಾಲದಲ್ಲಿ ಈ ಬಾವುಟ ದೂರದಲ್ಲಿ ಕಂಡರೆ ಸಾಕು, ಎದುರಿನ ಹಡಗಿನವರು ಒಂದು ಗುಂಡೂ ಹಾರಿಸದೆ ಇದ್ದದ್ದನ್ನೆಲ್ಲ ಒಪ್ಪಿಸಿಬಿಡುತ್ತಿದ್ದರಂತೆ. ಅಂಥದ್ದನ್ನು ಇಳಿಸುವುದೇ?

"ಇಳ್ಸದಿದ್ರೆ ಮುಚ್ಚಿ," ಎಂದು ಅವಳು ಸಾರಿಗೆ ಉಪ್ಪು ಹಾಕಿದಳು.

ಮುಚ್ಚುವುದಕ್ಕೂ ಇತಿಹಾಸದಲ್ಲಿ ಆಧಾರ ಸಿಕ್ಕಿತು. ಕಡಲ್ಗಳ್ಳರು ಹತ್ತಿರ ಬರುವವರೆಗೆ ಬೇರೆಯವರ ಬಾವುಟ ಹಾರಿಸುತ್ತಿದ್ದರಲ್ಲವೇ? ಕೈಗೆ ಸಿಕ್ಕಿದ್ದು ತಂತಿಯ ಮೇಲೆ ಒಣಗುತ್ತಿದ್ದ, ಮಾರದೆಬೆಯ ಚರ್ಚಿನ ಮಹಿಳಾ ಸಂಘದ ಕೆಂಪು ಕುಪ್ಪಸ, ಅದರ ಅಗಲವಾದ ಬಿಳಿ ಕಾಲರ್ ಸಮೇತ. ಬುರುಡೆಯ ಮೇಲೆ ಅದನ್ನು ಕಟ್ಟಿದ. ಕೆಳಗೆ ಬಾವುಟದ ಕಪ್ಪು ಅಂಚು ಮಾತ್ರ ಉಳಿಯಿತು. ತನ್ನ ಜಾಣತನಕ್ಕೆ ತಾನೇ ತಲೆದೂಗಿ, ಅಲ್ಲಿನ ಅಭಿಮಾನಿಗಳ ರೂಢಿಯಂತೆ ಮುಖಕ್ಕೆ ಬಿಳಿ ಬಣ್ಣ ಬಳಿದು, ಗಣಿ ಕೆಲಸದವರ ಗಟ್ಟಿ ಟೋಪಿಯನ್ನು ಕತ್ತರಿಸಿ ಕೊಂಬು ಎಬ್ಬಿಸಿದ್ದ ತನ್ನ ಪಂದ್ಯದ ಕಿರೀಟ ಧರಿಸಿ ಟಿ.ವಿ. ಮುಂದೆ ಕುಳಿತ.

ಕೆಂಪು, ಬಿಳಿ, ಕಪ್ಪು ಒಂದೇ ಕಂಬದಲ್ಲಿ ಹಾರಿದರೆ ಅದು ಕಣಿ ಹೇಳುವವರ ಮನೆ ಎಂಬುದು ಆ ಸೀಮೆಯ ಮಕ್ಕಳಿಗೂ ಗೊತ್ತು. ಕಡಲ್ಗಳ್ಳರ ಗುಂಗಿನಲ್ಲಿ ಎಲ್ಫಾಸನಿಗೆ ಮಾತ್ರ ನೆನಪಾಗಲಿಲ್ಲ.

ಪೈರೇಟ್ಸ್ ಗೋಲು ಹೊಡೆದರು. ಎಲ್ಫಾಸ್ ಊಳಿಡುತ್ತ ಅಂಗಳಕ್ಕೆ ಹಾರಿ ಕಂಬದ ಸುತ್ತ ಕುಣಿಯತೊಡಗಿದ. ಮೂರನೆಯ ಸುತ್ತಿಗೆ, ಕೋಟು ತೊಟ್ಟ ಮೂವರು ಮುದುಕರು ಬೂಟು ಕಳಚಿಟ್ಟು ಗೇಟಿನೊಳಗೆ ಮಂಡಿಯೂರಿರುವುದು ಕಂಡಿತು.

"ಅಜ್ಜೀ," ಎಂದರು ಅವರಲ್ಲಿ ಹಿರಿಯರಾದವರು. (ಕಣಿ ಹೇಳುವವರು ಗಂಡಸಾದರೂ ಹಾಗೇ ಕರೆಯುವುದು, ಮಾತಾಡುವುದು ಮೈಮೇಲೆ ಬಂದ, ಎಂದೋ ತೀರಿಕೊಂಡ ಹಿರಿಯರು ತಾನೆ.) "ನಾನು ನೊಂಗೋಮಾದ ಜುಂಗು. ಮಾವುಸೊ ಅನ್ನೋರ ಮಗಳನ್ನ ಕೇಳಕ್ಕೆ ಬಂದ್ವಿ. ದಾರೀಲಿ ಗಾಡಿ ಕೆಡ್ತು. ಬುರುಡೆ ಬಾವುಟದ ಮನೆ ಅಂತ ಹುಡುಗ ಹೇಳಿದ್ದ, ಅದು ಈ ಬೀದೀಲೆಲ್ಲೂ ಕಾಣ್ತಿಲ್ಲ. ಇದು ಅಪಶಕುನವೋ ಏನೋ, ನೀವೇ ಹೇಳ್ಬೇಕು. ಬೇಡ ಅಂದ್ರೆ ಹೀಗೇ ವಾಪಸ್ ಹೋಗ್ತೀವಿ."

ಎಲ್ಫಾಸ್ ಪೇಚಿಗೆ ಸಿಕ್ಕಿದ. ನಾನೇ ಮಾವುಸೊ ಎನ್ನೋಣವೆಂದರೆ ತಲೆಯ ಮೇಲೆ ಕೊಂಬು. ಸುಮ್ಮನಿದ್ದರೆ ಮಗಳ ಮದುವೆಯೇ ಹೋಯಿತು. ಕಣಿ ಹೇಳುವವರಂತೆ ದನಿ ಗಡುಸು ಮಾಡಿದ.

"ಹುಡುಗಿ ಚಿನ್ನ."

ಕಣಿ ನಿಜವೆನಿಸಿದಾಗ ತಟ್ಟುವ ರೂಢಿಯಂತೆ ಮೂವರೂ ಚಪ್ಪಾಳೆ ತಟ್ಟಿದರು. "ಒಪ್ಪಿದ್ವಿ."

"ತಾಯಿಯದು ಒಳ್ಳೇ ಕೈಗುಣ."

"ಒಪ್ಪಿದ್ವಿ."

ಇಷ್ಟಕ್ಕೇ ನಿಲ್ಲಿಸಬಹುದಿತ್ತು. "ತಂದೆ ಮಹಾ ವಿವೇಕಿ."

ಚಪ್ಪಾಳೆ ಬೀಳಲಿಲ್ಲ. ಮುದುಕರು ಮುಖ ಮುಖ ನೋಡಿಕೊಂಡರು. ಆತ ಚೆಂಡಿನ ಹುಚ್ಚನೆಂದು ತಾವು ಕೇಳಿದ್ದೆಂದು ಜುಂಗು ವಿನಯದಿಂದ ತಿಳಿಸಿದರು.

"ದೊಡ್ಡ ಮನಸ್ಸಿನವನು," ಎಂದ ಎಲ್ಫಾಸ್. ಆಗಲೂ ಇಲ್ಲ. ಎರಡು ಚಪ್ಪಾಳೆ ಸಿಕ್ಕಿದ್ದವನಿಗೆ ಈ ಮೌನ ಸಹಿಸಲಾಗಲಿಲ್ಲ. "ಹನ್ನೊಂದು ಹಸು ಕೇಳೋನೇ ಅಲ್ಲ ಅವ್ನು. ಎಂಟು ಅಂದ್ರೆ ಎಂಟಕ್ಕೇ ಕೈ ಮುಗೀತಾನೆ."

"ಒಪ್ಪಿದ್ವಿ, ಒಪ್ಪಿದ್ವಿ, ಒಪ್ಪಿದ್ವಿ." ಪಕ್ಕದ ಮನೆಯ ನಾಯಿ ಬೊಗಳುವಷ್ಟು ಚಪ್ಪಾಳೆ.

ಆ ಸದ್ದಿಗೆ ಸೌಟು ಹಿಡಿದು ಹೊರಬಂದ ಮಾರದೆಬೆ ಮೊದಲು ಕಂಬದ ಮೇಲಿನ ಕುಪ್ಪಸ ನೋಡಿದಳು, ಆಮೇಲೆ ಬರಿಗಾಲ ಮುದುಕರನ್ನು, ಕೊನೆಗೆ ಗಂಡನನ್ನು. ಹಿರಿಯರು ಅವಳಿಗೂ ತಮ್ಮ ಹೆಸರು ಜುಂಗು ಎಂದದ್ದೇ ಅವಳಿಗೆ ಎಲ್ಲವೂ ಅರ್ಥವಾಯಿತು.

"ಬೂಟು ಹಾಕ್ಕೊಂಡು ಒಳಗ್ ಬನ್ನಿ ಬಾಬಾ. ನೀವು ಹುಡುಕ್ತಿರೋ ಮನೆ ಇದೇ. ಹುಡುಗಿ ತಂದೆ..." ಸೌಟಿನಿಂದ ತೋರಿಸಿದಳು. "ಇವ್ರೇ."

ಜುಂಗು ಬೂಟು ಹಾಕಿಕೊಳ್ಳುತ್ತ ಕೊಂಬುಗಳನ್ನೇ ನೋಡಿದರು. ಆಮೇಲೆ, ಹಿರಿಯರು ಆಡಿಸಿದ ಮಾತನ್ನು ಮನುಷ್ಯಮಾತ್ರದವರು ಬದಲಿಸುವುದುಂಟೇ ಎಂದು ಮೆತ್ತಗೆ ಕೇಳಿದರು. ಉಂಟು ಎನ್ನುವ ಧೈರ್ಯ ಯಾರಿಗಿತ್ತು? ಬಾವುಟ ತನ್ನ ಕೆಲಸ ಮಾಡಿತ್ತು: ಒಂದು ಗುಂಡೂ ಹಾರಲಿಲ್ಲ, ಮೂರು ಹಸು ಹೋದವು. ಹೋದದ್ದು ಬಾವುಟ ಹಾರಿಸಿದ ಹಡಗಿನ ಯಜಮಾನನದ್ದೇ ಎಂಬುದಷ್ಟೇ ವ್ಯತ್ಯಾಸ.

ಒಳಗೆ ಬೊಂಗಿವೆ ನಗು ತಡೆಯಲಾರದೆ ಹೊದ್ದ ಶಾಲಿನ ತುದಿಯಲ್ಲಿ ಬಾಯಿ ಮುಚ್ಚಿಕೊಂಡು ಎಲ್ಲರಿಗೂ ಚಹಾ ಕೊಟ್ಟಳು. ಎಲ್ಫಾಸ್ ಕಿರೀಟ ಮಡಿಲಲ್ಲಿಟ್ಟುಕೊಂಡು ಬೀಗರ ಪಕ್ಕ ಮುದುಡಿ ಕುಳಿತ. ಟಿ.ವಿ.ಯಲ್ಲಿ ಪಂದ್ಯ ಇನ್ನೂ ನಡೆದಿತ್ತು.

ಜುಂಗು ಚಹಾ ಹೀರಿ ಅವನತ್ತ ವಾಲಿದರು.

"ಯಾರು ಗೆಲ್ತಾರೆ, ಅಜ್ಜೀ?"