ಫೋಟೋದ ಮೇಲೆ ಫೋಟೋ

ಗಿರಾಕಿಗೆ ಇಲ್ಲ ಅನ್ನಬಾರದು ಎಂದು ನಾನು ಬಹಳ ಜನಕ್ಕೆ ಉಪದೇಶ ಮಾಡಿದ್ದೇನೆ, ಕೇಳದವರಿಗೂ ಮಾಡಿದ್ದೇನೆ. ಸದಾಶಿವ ಪೇಠದಲ್ಲಿ, ಅಚ್ಚಿಗೆ ಹೋಗುವ ಮೊದಲು ಪುಸ್ತಕಗಳ ಪುಟ ಜೋಡಿಸಿಕೊಡುವ ಸಣ್ಣ ಅಂಗಡಿ ನನ್ನದು. ಗಿರಾಕಿಗಳ ಜೊತೆ ಮಾತು ನನ್ನ ಪಾಲು, ಕಂಪ್ಯೂಟರ್ ಹೆಂಡತಿ ಶೋಭಾಳ ಪಾಲು. ಈ ಹಂಚಿಕೆಯಲ್ಲಿ ದೋಷವಿದೆ ಎಂಬುದು ಗಂಗಕ್ಕಜ್ಜಿಯ ಪುಸ್ತಕ ಬರುವವರೆಗೆ ನನಗೆ ಹೊಳೆದಿರಲಿಲ್ಲ.

ಅಜ್ಜಿಗೆ ಎಂಬತ್ತು ತುಂಬಿದ ಸಮಾರಂಭಕ್ಕೆಂದು ಮಕ್ಕಳು ತಲಾ ಒಂದು ಲೇಖನ ಬರೆದು ಮಾಡಿಸುತ್ತಿದ್ದ ಪುಸ್ತಕ ಅದು. ಮೂವರು ಗಂಡುಮಕ್ಕಳಲ್ಲಿ ಒಂದು ವರ್ಷದಿಂದ ಮಾತಿಲ್ಲ. "ಈ ನೆವದಾಗರ ಹುಡುಗರು ಒಬ್ಬರಿಗೊಬ್ಬರು ಮಾತಾಡ್ಲೆಪ್ಪಾ" ಎಂದು ಅಜ್ಜಿ ನನ್ನೆದುರೇ ಕಣ್ಣೊರೆಸಿಕೊಂಡಿದ್ದರು. ಆ ಹುಡುಗರೋ, ಬೇರೆಬೇರೆಯಾಗಿ ಬಂದು ಒಂದೇ ಮಾತು ಹೇಳಿದರು: "ಮೊದಲನೇ ಪುಟದಾಗ, ಅವ್ವನ ಬಾಜೂಕ, ನಮ್ಮ ಫೋಟೋ ಬರಬೇಕ್ರಿ." ಮೂವರಿಗೂ "ಆತ್ರಿ" ಎಂದೆ.

ಈಗ ಸ್ವಲ್ಪ ಕಸುಬಿನ ಮಾತು, ಪುಕ್ಕಟೆ ಹೇಳುತ್ತೇನೆ. ನಮ್ಮ ಕಂಪ್ಯೂಟರಿನಲ್ಲಿ ಚಿತ್ರಗಳು ತೇಲುತ್ತವೆ. ತಮ್ಮ ಪಾಡಿಗೆ ಬಿಟ್ಟರೆ ಜಾಗವಿರುವ ಪುಟ ಹುಡುಕಿಕೊಂಡು ಹೋಗಿ ಕೂರುತ್ತವೆ. ಇಲ್ಲೇ ಇರು ಎಂದು ಮೊಳೆ ಹೊಡೆದರೆ, ಕೆಳಗೆ ಯಾರಿದ್ದಾರೆಂದು ನೋಡದೆ ಅಲ್ಲೇ ಕೂರುತ್ತವೆ. ನಾನು ಮೂರಕ್ಕೂ ಮೊಳೆ ಹೊಡೆಸಿದೆ. ಕರಡು ಪ್ರತಿಯಲ್ಲಿ ಹಿರಿಯವನ ಮುಖದ ಮೇಲೆ ನಡುವಿನವನ ಹೆಂಡತಿಯ ಸೆರಗು, ಅಜ್ಜಿಯ ಅರ್ಧ ಮುಖದ ಮೇಲೆ ಕಿರಿಯವನ ಸ್ಕೂಟರು.

"ಇದನ್ನ ಛಾಪಿಸಿದ್ರ ಸಮಾರಂಭದಾಗ ಬಡಿದಾಟ ಆಗ್ತದ" ಎಂದಳು ಶೋಭಾ.

"ಒಂಚೂರು ಸರಿಸಿ ನೋಡು."

"ಇದು ಪುಟಾ ಅದರೀ, ಸಿಟಿ ಬಸ್ಸಲ್ಲ, ಸರೀರಿ ಸರೀರಿ ಅನ್ಲಿಕ್ಕೆ!"

ಅವಳು ಮೊಳೆಗಳನ್ನೆಲ್ಲ ಕಿತ್ತಳು. ಪ್ರತಿ ಚಿತ್ರದ ಸುತ್ತ ಬಿಳಿ ಜಾಗ ಬಿಟ್ಟಳು. ಒಬ್ಬನ ಚಿತ್ರ ತೇಲಿ ಇನ್ನೊಬ್ಬನ ಲೇಖನಕ್ಕೆ ನುಗ್ಗದಂತೆ ಲೇಖನದ ಕೊನೆಗೊಂದು ತಡೆ ಇಟ್ಟಳು. ಚಿತ್ರಗಳಿಗೆ ಸಂಖ್ಯೆ ಕೊಟ್ಟು, 'ಪಕ್ಕದ ಫೋಟೋ' ಎಂದಿದ್ದಲ್ಲೆಲ್ಲ 'ಎರಡನೇ ಚಿತ್ರ ನೋಡಿ' ಎಂಬಂತೆ ತಿದ್ದಿದಳು. ಚಿತ್ರ ಎಲ್ಲಿ ಕೂತರೂ ಮಾತು ಸುಳ್ಳಾಗಬಾರದಲ್ಲ. ಮೊದಲ ಪುಟದಲ್ಲಿ ಅಜ್ಜಿ ಒಬ್ಬರೇ ಉಳಿದರು. "ಈಗ ಮಂದೀನ ಒಪ್ಪಿಸೂದು ನಿಮ್ಮ ಕೆಲಸ" ಎಂದು ಫೋನನ್ನು ನನ್ನತ್ತ ಸರಿಸಿದಳು.

ಚೌಕಾಸಿಯಲ್ಲಿ ಪಳಗಿದ ನಾಲಿಗೆ ನನ್ನದು. ಮೊದಲು ಹಿರಿಯವನಿಗೆ ಹೇಳಿದೆ: "ಮೊದಲನೇ ಪುಟದಾಗ ಅವ್ವ ಒಬ್ಬಾಕೀನ ಇರಲಿ ಅಂತ ನಿಮ್ಮ ತಮ್ಮಂದಿರು ಆಗಲೇ ಒಪ್ಪ್ಯಾರ್ರಿ. ಇನ್ನ ನೀವು ದೊಡ್ಡವರು." ಅವನು ತಕ್ಷಣ ಒಪ್ಪಿದ. ಉಳಿದಿಬ್ಬರಿಗೂ ಇದನ್ನೇ ತಿರುಗಿಸಿ ಹೇಳಿದೆ.

ಸಮಾರಂಭದಲ್ಲಿ ಪುಸ್ತಕ ಎಲ್ಲರ ಕೈ ಸೇರಿತು. ಮೂವರೂ ಒಂದೊಂದು ಮೂಲೆಯಲ್ಲಿ ನಿಂತು ಮೊದಲ ಪುಟವನ್ನೇ ನೋಡುತ್ತಿದ್ದರು. ಕೊನೆಗೆ ಕಿರಿಯವನು ತಡೆಯಲಾರದೆ ಅಣ್ಣನ ಹತ್ತಿರ ಬಂದ.

"ಅಣ್ಣಾ, ಮೊದಲ ನೀ ಒಪ್ಪಿದೆಂತಲ್ಲ, ಭಾಳ ಛಲೋ ಮಾಡ್ದಿ."

"ನಾ ಎಲ್ಲೋ! ನೀವಿಬ್ಬರು ಮೊದಲ ಒಪ್ಪೀರಿ ಅಂದ್ರಲ್ಲ?"

"ನನಗೂ ಹಂಗ ಅಂದ್ರು" ಎಂದು ನಡುವಿನವನೂ ಬಂದು ಸೇರಿದ.

ಅಜ್ಜಿಯ ಮುಖ ಅರಳಿತು. ಮೂವರೂ ಹೆಗಲಿಗೆ ಹೆಗಲು ಕೊಟ್ಟು, ಒಂದೇ ಮನಸ್ಸಿನಿಂದ ನನ್ನನ್ನು ಹುಡುಕತೊಡಗಿದರು. ನಾನು ಜಾಗವಿರುವ ಊಟದ ಪಂಕ್ತಿಯೊಂದನ್ನು ನೋಡಿಕೊಂಡು, ಶೋಭಾಳ ಹಿಂದೆ ತಲೆ ತಗ್ಗಿಸಿ ಕುಳಿತುಬಿಟ್ಟೆ.