ನಲವತ್ತಮೂರನೇ ಉತ್ತರ

ಎಲ್ಲಾ ಶುರುವಾದದ್ದು ತಿರುಗದ ಒಂದು ಟೇಬಲ್ ಫ್ಯಾನಿನಿಂದ. ಫ್ಯಾನ್ ತಿರುಗದಿದ್ದರೆ ಮನುಷ್ಯನಿಗೆ ಬೆವರು ಬರುತ್ತದೆ, ಸಿಟ್ಟು ಬರುತ್ತದೆ, ಒಪ್ಪೋಣ. ಆದರೆ ಫ್ಯಾನ್ ಕಂಪನಿಯಲ್ಲಿ ಕೂತು ದೂರುಗಳಿಗೆ ಉತ್ತರ ಕಳಿಸುವವನ ತಾಯಿ ಅದಕ್ಕೆ ಏನು ಮಾಡಿದ್ದಳು, ನೀವೇ ಹೇಳಿ. ‘ನೇರನುಡಿ’ ಎಂದು ಹೆಸರಿಟ್ಟುಕೊಂಡು, ಮುಖ ಇರಬೇಕಾದ ಜಾಗದಲ್ಲಿ ಸಿಂಹದ ಚಿತ್ರ ಹಾಕಿಕೊಂಡಿದ್ದ ಒಬ್ಬ ಮಹಾಶಯ ಅವತ್ತು ಬೆಳಿಗ್ಗೆ ಒಂಬತ್ತೂವರೆಗೆ ಕಂಪನಿಯ ಆನ್‌ಲೈನ್ ಪುಟದಲ್ಲಿ, ಊರಿಗೆಲ್ಲ ಕಾಣುವ ಹಾಗೆ ಬರೆದ: “ನಿಮ್ಮ ಫ್ಯಾನೂ ದಂಡ, ನೀವೂ ದಂಡ. ಇಲ್ಲಿ ಕೂತು ಉತ್ತರ ಬರೆಯೋ ದಂಡಪಿಂಡಾನ ಹೆತ್ತ ಮಹಾತಾಯಿಗೆ ಬೇರೆ ಕೆಲಸ ಇರಲಿಲ್ವಾ?”

ಆ ದಂಡಪಿಂಡಕ್ಕೆ ಕಚೇರಿಯಲ್ಲಿದ್ದ ಹೆಸರು ವಿಷಾದರಾಯ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಆರು ವರ್ಷದಿಂದ ದಿನಕ್ಕೆ ನೂರಾರು ಸಲ “ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ” ಎಂದು ಕಳಿಸೀ ಕಳಿಸೀ ಈ ಹೆಸರು ಅಂಟಿಕೊಂಡಿತ್ತು. ಅದೂ ಅವನ ಸ್ವಂತ ಮಾತೇನಲ್ಲ. ಆ ಕಂಪನಿಯಲ್ಲಿ ಯಾರೂ ಸ್ವಂತ ಮಾತು ಬರೆಯುವ ಹಾಗಿರಲಿಲ್ಲ. ಹೆಡ್ ಆಫೀಸಿನವರು ನಲವತ್ತೆರಡು ಉತ್ತರಗಳ ಪಟ್ಟಿ ಮಾಡಿ ಕಳಿಸಿದ್ದರು. ನಂಬರ್ ಒತ್ತಿದರೆ ಉತ್ತರ ತಾನಾಗಿ ಹೋಗುತ್ತಿತ್ತು. ಒಂದನೇ ನಂಬರು ಸಾಷ್ಟಾಂಗ ಕ್ಷಮೆ. ಹದಿನೇಳು ಸಾಧಾರಣ ವಿಷಾದ. ಮೂವತ್ತೊಂದು “ನಿಮ್ಮ ಮನವಿ ಪರಿಶೀಲನೆಯಲ್ಲಿದೆ”. ಸಿಬ್ಬಂದಿಯ ಅರ್ಜಿಗಳಿಗೂ ಹೆಡ್ ಆಫೀಸಿನಿಂದ ಇದೇ ಪಟ್ಟಿಯ ಉತ್ತರ. ನನ್ನನ್ನು ಯಾವಾಗ ಕಾಯಂ ಮಾಡುತ್ತೀರಿ ಎಂದು ವಿಷಾದರಾಯ ವರ್ಷಕ್ಕೆರಡು ಸಲ ಕೇಳುತ್ತಿದ್ದ, ಎರಡು ಸಲವೂ ಮೂವತ್ತೊಂದು ಬರುತ್ತಿತ್ತು.

ಅವತ್ತು ಮಾತ್ರ ಕಾಯಂ ಪತ್ರ ನಿಜವಾಗಿಯೂ ಬಂದಿತ್ತು. ಮ್ಯಾನೇಜರ್ ಡ್ರಾಯರಿನಲ್ಲಿದೆ, ಸಂಜೆ ಕೊಡುತ್ತಾರೆ ಎಂದು ಪಕ್ಕದ ಟೇಬಲ್ಲಿನ ಅಕ್ಕ ಬೆಳಿಗ್ಗೆಯೇ ಕಿವಿಯಲ್ಲಿ ಉಸುರಿದ್ದರು. ಕಾಯಂ ಆದವರ ಮನೆಯವರ ಚಿಕಿತ್ಸೆಯೆಲ್ಲ ಕಂಪನಿಯದು. ಅವನ ಅಮ್ಮನಿಗೆ ಎರಡೂ ಕಣ್ಣಿಗೆ ಪೊರೆ ಬಂದು, ಮಗ ಎದುರಿಗೆ ನಿಂತರೂ ದನಿ ಕೇಳಿಯೇ ಗುರುತು ಹಿಡಿಯುವ ಹಾಗಾಗಿತ್ತು. ಆ ಆಪರೇಷನ್ನಿಗಾಗಿಯೇ ಅವನು ಆರು ವರ್ಷ ಬಾಯಿ ಮುಚ್ಚಿಕೊಂಡು ಬೈಸಿಕೊಂಡಿದ್ದ.

ಅಭ್ಯಾಸದಂತೆ ಹದಿನೇಳು ಒತ್ತಲು ಬೆರಳು ಹೋಯಿತು. ಹೋದದ್ದು ಅಲ್ಲೇ ನಿಂತಿತು. ಅವನನ್ನು ಕತ್ತೆ ಅಂದಿದ್ದರು, ಕಳ್ಳ ಅಂದಿದ್ದರು, ಒಬ್ಬಳಂತೂ ಅವನ ಬುದ್ಧಿಯನ್ನು ಕೆಟ್ಟುಹೋದ ರೆಗ್ಯುಲೇಟರಿಗೆ ಹೋಲಿಸಿದ್ದಳು. ಎಲ್ಲ ನುಂಗಿಕೊಂಡಿದ್ದ. ಅಮ್ಮನ ತಂಟೆಗೆ ಯಾರೂ ಬಂದಿರಲಿಲ್ಲ. ಪಟ್ಟಿಯನ್ನು ಪಕ್ಕಕ್ಕೆ ತಳ್ಳಿ, ಸ್ವಂತ ಕೈಯಿಂದ ಟೈಪ್ ಮಾಡಿದ:

“ಸ್ವಾಮಿ, ನೀವು ಬರೆದದ್ದನ್ನು ಮೊದಲು ನಿಮ್ಮ ತಾಯಿಯ ಎದುರು ಕೂತು ಗಟ್ಟಿಯಾಗಿ ಓದಿ. ಅವರಿಗೆ ನಾಚಿಕೆ ಆಗದಿದ್ದರೆ ಆಮೇಲೆ ನಮ್ಮ ಹತ್ತಿರ ಬನ್ನಿ. ಅಲ್ಲಿಯವರೆಗೆ ನಾವು ವಿಷಾದಿಸುವುದಿಲ್ಲ.”

ಕಳಿಸಿಯೇಬಿಟ್ಟ.

ಪಕ್ಕದ ಅಕ್ಕ ಇಣುಕಿ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು. “ಅಯ್ಯೋ ಪುಣ್ಯಾತ್ಮಾ, ಏನು ಮಾಡ್ದೆ? ಸಂಜೆವರೆಗೆ ತಡ್ಕೊಳ್ಳೋಕಾಗ್ಲಿಲ್ವಾ? ಪತ್ರ ಕೈಗೆ ಬಂದ್ಮೇಲೆ ಯಾರಿಗೆ ಬೇಕಾದ್ರೂ ಬೈಬಹುದಿತ್ತಲ್ಲೋ!”

“ಬೈದಿಲ್ಲ ಅಕ್ಕ. ಓದಿ ಅಂದಿದೀನಿ ಅಷ್ಟೇ.”

ಅಷ್ಟರಲ್ಲಿ ಸುದ್ದಿ ರಿಪೇರಿ ವಿಭಾಗಕ್ಕೆ ಮುಟ್ಟಿ, ಅಲ್ಲಿಯ ಮೆಕ್ಯಾನಿಕ್ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಓಡಿಬಂದ. “ಭೇಷ್! ಗಂಡಸು ಅಂದ್ರೆ ನೀನಪ್ಪ. ಅಳಿಸ್ಬೇಡ, ಏನೇ ಆಗ್ಲಿ ಅಳಿಸ್ಬೇಡ!” ಅಂದವನು, ಮ್ಯಾನೇಜರ್ ಕೋಣೆಯಿಂದ ಕೆಮ್ಮು ಕೇಳಿದ ಕೂಡಲೇ, “ಆದ್ರೂ ನೀನು ಮಾಡಿದ್ದು ತಪ್ಪು ಕಣೋ” ಎಂದು ದನಿಯೆತ್ತಿ ಹೇಳಿ ಬಂದ ಹಾಗೇ ಹೋದ. ಇಂಥ ಬೆಂಬಲಿಗರು ಎಲ್ಲ ಕಚೇರಿಯಲ್ಲೂ ಒಬ್ಬೊಬ್ಬರು ಇರುತ್ತಾರೆ.

ಮ್ಯಾನೇಜರ್ ವಿಷಾದರಾಯನನ್ನು ಕೋಣೆಗೆ ಕರೆಸಿ, ಮೊಬೈಲನ್ನು ಸತ್ತ ಇಲಿ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ತೋರಿಸಿದರು.

“ಏನಯ್ಯಾ ಇದು?”

“ಉತ್ತರ ಸಾರ್.”

“ಎಷ್ಟನೇ ನಂಬರು?”

“ನಂಬರಿಲ್ಲ ಸಾರ್. ನಂದೇ.”

‘ನಂದೇ’ ಎಂಬ ಮಾತನ್ನು ಆ ಕೋಣೆ ಮೊದಲ ಸಲ ಕೇಳಿತು. ಮ್ಯಾನೇಜರ್ ಡ್ರಾಯರ್ ಎಳೆದು ಒಂದು ಉದ್ದನೆಯ ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. “ಇದು ಏನು ಅಂತ ಗೊತ್ತಲ್ಲ? ಮಧ್ಯಾಹ್ನ ಎರಡು ಗಂಟೆ ಒಳಗೆ ಅವನಿಗೆ ಒಂದನೇ ನಂಬರ್ ಹೋಗ್ಬೇಕು. ಹೋದ್ರೆ ಇದು ನಿಂದು. ಇಲ್ಲಾಂದ್ರೆ ಇದು ಬಂದ ದಾರಿ ಹಿಡಿಯುತ್ತೆ.”

“ಸಾರ್, ಅವನು ನಮ್ಮಮ್ಮನ್ನ ಅಂದಿದ್ದಾನೆ.”

“ನಮ್ಮಮ್ಮನ್ನೂ ಅಂತಾರಯ್ಯ, ದಿನಾ! ನಾನೇನು ಕುಣೀತಿದೀನಾ?”

ವಿಷಾದರಾಯ ತನ್ನ ಕುರ್ಚಿಗೆ ಬಂದು ಕೂತ. ಪುಟದಲ್ಲಿ ಆಗಲೇ ಜಾತ್ರೆ ಸೇರಿತ್ತು. ಅರ್ಧ ಜನ ಅವನಿಗೆ ಶಭಾಷ್ ಅನ್ನುತ್ತಿದ್ದರು, ಇನ್ನರ್ಧ ಜನ ಸಭ್ಯತೆ ಎಲ್ಲಿಗೆ ಬಂತು ಎಂದು ಒಬ್ಬರಿಗೊಬ್ಬರು ಅಸಭ್ಯವಾಗಿ ಬೈದಾಡುತ್ತಿದ್ದರು. ಸಿಂಹದವನು ಮಾತ್ರ “ನನ್ನ ಕಾಲಿಗೆ ಬೀಳೋವರೆಗೂ ಬಿಡಲ್ಲ” ಎಂದು ಗುಡುಗಿದ್ದ. ಗಂಟೆ ಒಂದೂವರೆ ಆಯಿತು. ಅಮ್ಮ ನಿನ್ನೆ ಬಾಗಿಲ ಚಿಲಕವನ್ನು ತಡಕಾಡಿ ಹುಡುಕಿದ್ದು ಅವನಿಗೆ ನೆನಪಾಯಿತು. ಮಾನ ಹೋದರೆ ಹೋಗಲಿ, ಕಣ್ಣು ಬರಲಿ ಎಂದು ಒಂದನೇ ನಂಬರಿನ ಮೇಲೆ ಬೆರಳಿಟ್ಟ. ಫೋನ್ ಬಡಿದುಕೊಂಡಿತು. ಅಮ್ಮ.

“ಏನೋ, ನನ್ನ ವಿಷಯ ಯಾರೋ ಏನೋ ಬರೆದಿದ್ದಾನಂತೆ? ಎದುರುಮನೆ ಟೀಚರ್ ಬಂದು ಓದಿ ಹೇಳಿದ್ರು.”

“ನೀನು ತಲೆ ಕೆಡಿಸ್ಕೋಬೇಡಮ್ಮ.”

“ನಾನ್ಯಾಕೆ ಕೆಡಿಸ್ಕೊಳ್ಳಲಿ? ಮಹಾತಾಯಿ ಅಂತ ಬೇರೆ ಅಂದಿದ್ದಾನೆ. ನೀನು ಬರೆದದ್ದನ್ನ ಮೂರು ಸಲ ಓದಿಸ್ದೆ. ಚೆನ್ನಾಗಿದೆ. ಈಗ ಕ್ಷಮೆ ಗಿಮೆ ಕೇಳು ಅಂತಿದ್ದಾರಾ?”

“ಹೂಂ. ಕೇಳದಿದ್ರೆ ಪತ್ರ ಇಲ್ವಂತೆ. ಪತ್ರ ಇಲ್ದಿದ್ರೆ ನಿನ್ನ ಕಣ್ಣು...”

“ಕಣ್ಣು ನಂದು, ಚಿಂತೆ ನಂಗಿರ್ಲಿ. ಕ್ಷಮೆ ಕೇಳಿದೀಯ ಅಂತ ಗೊತ್ತಾದ್ರೆ ಈ ಮನೆ ಬಾಗಿಲು ತೆಗೆಯಲ್ಲ, ನೋಡ್ತಾ ಇರು!” ಅಂದು ಫೋನ್ ಇಟ್ಟೇಬಿಟ್ಟಳು.

ವಿಷಾದರಾಯ ಬೆರಳು ತೆಗೆದು, ಎರಡೂ ಕೈ ಕಟ್ಟಿಕೊಂಡು ಕೂತ. ಗಂಟೆ ಎರಡಕ್ಕೆ ಐದು ನಿಮಿಷವಿತ್ತು. ಆರು ವರ್ಷದಲ್ಲಿ ಮೊದಲ ಸಲ ಅವನ ಬೆನ್ನು ಕುರ್ಚಿಯ ಬೆನ್ನಿಗೆ ತಾಗಿತ್ತು.

ಇದನ್ನು ನೋಡಿ ತಡೆದುಕೊಳ್ಳಲಾರದೆ ಹೋದವರು ಪಕ್ಕದ ಅಕ್ಕ. ಒಳ್ಳೆಯ ಹೆಂಗಸು. ಒಳ್ಳೆಯವರಿಂದಲೇ ಇಂಥ ಕೆಲಸಗಳಾಗುವುದು. ಇವನ ಹಟದಿಂದ ಆ ಅಮ್ಮನ ಕಣ್ಣು ಹೋಗಬಾರದು, ಒಂದನೇ ನಂಬರನ್ನು ನಾನೇ ಒತ್ತಿಬಿಡುತ್ತೇನೆ ಎಂದುಕೊಂಡು ತಮ್ಮ ಕಂಪ್ಯೂಟರಿನಲ್ಲಿ ಒತ್ತಿದರು. ಗಾಬರಿಯಲ್ಲಿ ಬೆರಳು ಎರಡು ಸಲ ಬಿತ್ತು. ಹೋದದ್ದು ಹನ್ನೊಂದು. ರಿಪೇರಿಗೆ ಜನ ಕಳಿಸುವಾಗ ಹಾಕುವ ಉತ್ತರ ಅದು. ಊರೆಲ್ಲ ನೋಡುತ್ತಿದ್ದ ಪುಟದಲ್ಲಿ, “ನಾವು ವಿಷಾದಿಸುವುದಿಲ್ಲ” ಎಂಬುದರ ಕೆಳಗೇ ಹೀಗೆ ಮೂಡಿತು:

“ನಿಮ್ಮ ವಿಳಾಸ ನಮ್ಮಲ್ಲಿದೆ. ಇಂದು ಸಂಜೆಯೊಳಗೆ ನಮ್ಮ ಇಬ್ಬರು ಸಿಬ್ಬಂದಿ ಉಪಕರಣಗಳ ಸಮೇತ ನಿಮ್ಮ ಮನೆಗೆ ಬರಲಿದ್ದಾರೆ. ದಯವಿಟ್ಟು ಮನೆಯಲ್ಲೇ ಇರಿ.”

“ಅಯ್ಯಯ್ಯೋ!” ಅಂದರು ಅಕ್ಕ. ವಾಪಸ್ ತೆಗೆಯುವ ಗುಂಡಿ ಹುಡುಕುವಷ್ಟರಲ್ಲಿ ಸಿಂಹ ಮಾಯವಾಯಿತು. ಅದಿದ್ದ ಜಾಗದಲ್ಲಿ ಒಂದು ಗುಲಾಬಿ ಹೂವು ಅರಳಿತು. ಹೂವಿನ ಪಕ್ಕದಲ್ಲಿ ಬರಹವೂ ಬಂತು: “ಸಾರ್, ತಪ್ಪಾಯ್ತು. ಪ್ಲಗ್ ಸರಿಯಾಗಿ ಹಾಕಿರಲಿಲ್ಲ, ಈಗ ಫ್ಯಾನ್ ಚೆನ್ನಾಗಿ ತಿರುಗ್ತಿದೆ. ದಯವಿಟ್ಟು ಯಾರನ್ನೂ ಕಳಿಸಬೇಡಿ. ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.”

ಕಂಪನಿಯ ಇತಿಹಾಸದಲ್ಲೇ ಒಂದು ದೂರು ಅದೇ ದಿನ ಬಗೆಹರಿದದ್ದು ಅದೇ ಮೊದಲು. ಅದನ್ನು ನೋಡಿ ಉಳಿದವರ ಭಾಷೆಯೂ ಬದಲಾಯಿತು. ಬೆಳಿಗ್ಗೆ ‘ಕಳ್ಳ ನನ್ಮಕ್ಳಾ’ ಎಂದು ಶುರುಮಾಡಿದ್ದವರು ಅದನ್ನು ಅಳಿಸಿ ‘ಮಾನ್ಯರೇ’ ಎಂದು ತಿದ್ದಿಕೊಂಡರು.

ಮೂರೂವರೆಗೆ ಹೆಡ್ ಆಫೀಸಿನ ಫೋನ್ ಬಂತು. ಮ್ಯಾನೇಜರ್ ಎದ್ದು ನಿಂತು ಮಾತಾಡಿದರು. “ಹೌದು ಸಾರ್... ನನ್ನ ಮಾರ್ಗದರ್ಶನದಲ್ಲೇ ಸಾರ್... ಹುಡುಗರನ್ನ ನಾನೇ ತಯಾರು ಮಾಡಿದ್ದು ಸಾರ್.” ಆಮೇಲೆ ಹೊರಗೆ ಬಂದು ಎಲ್ಲರನ್ನೂ ಕರೆದು ಸಾರಿದರು. ವಿಷಾದರಾಯನ ಉತ್ತರ ಇನ್ನು ಮೇಲೆ ಪಟ್ಟಿಯಲ್ಲಿ ನಲವತ್ತಮೂರನೇ ನಂಬರು. ನಾಲ್ಕು ಗಂಟೆಯಿಂದ ಯಾರೇ ಬರೆಯಲಿ, ಏನೇ ಬರೆಯಲಿ, ಮೊದಲ ಉತ್ತರ ನಲವತ್ತಮೂರೇ.

“ನಾನು ಆಗ್ಲೇ ಹೇಳಿರ್ಲಿಲ್ವಾ, ಅಳಿಸ್ಬೇಡ ಅಂತ?” ಅಂದ ಮೆಕ್ಯಾನಿಕ್.

ಚಪ್ಪಾಳೆ ನಿಂತ ಮೇಲೆ ವಿಷಾದರಾಯ ಮೆಲ್ಲಗೆ ಕೇಳಿದ. “ಸಾರ್, ಆ ಪತ್ರ?”

ಮ್ಯಾನೇಜರ್ ತಲೆ ಕೆರೆದುಕೊಂಡರು. “ಎರಡು ಗಂಟೆಗೆ ಸರಿಯಾಗಿ ವಾಪಸ್ ಕಳಿಸ್ಬಿಟ್ಟೆ ಕಣಯ್ಯ. ಮಾತು ಅಂದ್ರೆ ಮಾತು, ನಾನು ಹಂಗೇ. ಯೋಚನೆ ಮಾಡ್ಬೇಡ, ಈಗ ನೀನು ಹೆಡ್ ಆಫೀಸಿಗೆ ಬೇಕಾದೋನು. ಒಂದು ಮನವಿ ಹಾಕು, ಪತ್ರ ಓಡಿಕೊಂಡು ಬರುತ್ತೆ.”

ವಿಷಾದರಾಯ ಕೂತು ಮನವಿ ಬರೆದ. ಆರು ವರ್ಷದ ಅಭ್ಯಾಸ, ಕೈ ತಾನಾಗಿ ಓಡಿತು. ಕಳಿಸಿ, ಚೀಲ ಹೆಗಲಿಗೇರಿಸಿ, ಸಿಳ್ಳೆ ಹಾಕುತ್ತಾ ಮನೆಗೆ ಹೋದ.

ಅಮ್ಮ ಬಾಗಿಲು ತೆಗೆದಳು. ನಡೆದದ್ದನ್ನೆಲ್ಲ ಕೇಳಿ ಬಿದ್ದು ಬಿದ್ದು ನಕ್ಕಳು. ನಗು ಮುಗಿಯುವ ಮೊದಲೇ ಅವನ ಜೇಬಿನಲ್ಲಿ ಮೊಬೈಲ್ ಸದ್ದು ಮಾಡಿತು. ಹೆಡ್ ಆಫೀಸಿನಿಂದ ಉತ್ತರ.

“ಬಂತಾ? ಓದೋ, ಏನಂತೆ?” ಅಮ್ಮ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡಳು.

ಅವನು ಓದಿದ. “ಸ್ವಾಮಿ, ನೀವು ಬರೆದದ್ದನ್ನು ಮೊದಲು ನಿಮ್ಮ ತಾಯಿಯ ಎದುರು ಕೂತು ಗಟ್ಟಿಯಾಗಿ ಓದಿ...”

ಮುಂದೆ ಓದಲಾಗಲಿಲ್ಲ. ಮೈಯೆಲ್ಲ ಉರಿಯಿತು. ಬೈಯೋಣವೆಂದರೆ ಬರೆದವನು ತಾನೇ. ತಪ್ಪು ಹುಡುಕೋಣವೆಂದು ಮತ್ತೊಮ್ಮೆ ನೋಡಿದ, ಒಂದು ಅಕ್ಷರವನ್ನೂ ತಿದ್ದುವ ಹಾಗಿರಲಿಲ್ಲ.

“ಇದು ನಿಂದೇ ಅಲ್ವೇನೋ?” ಅಂದಳು ಅಮ್ಮ.

“ನಂದೇ.”

“ಸರಿ ಮತ್ತೆ. ಅವರು ಹೇಳಿದ ಹಾಗೇ ಮಾಡು. ನಾನು ಎದುರಿಗೇ ಕೂತಿದೀನಿ. ನೀನು ಏನು ಬರೆದಿದ್ದೆ, ಓದು.”

ಅವನು ಗಂಟಲು ಸರಿ ಮಾಡಿಕೊಂಡ. “ಮಾನ್ಯರೇ, ತಮ್ಮ ಅಮೂಲ್ಯ ಸಮಯ ಹಾಳು ಮಾಡುತ್ತಿರುವುದಕ್ಕೆ ಕ್ಷಮೆಯಿರಲಿ. ಇಂದು ನನ್ನ ದುಡುಕಿನಿಂದ ತಮಗಾದ ಅನಾನುಕೂಲಕ್ಕೆ ತೀವ್ರವಾಗಿ ವಿಷಾದಿಸುತ್ತೇನೆ. ಅಲ್ಪನಾದ ನನ್ನ ಮೇಲೆ ದಯವಿಟ್ಟು...” ದನಿ ಇಳಿಯುತ್ತಾ ಇಳಿಯುತ್ತಾ ಕೊನೆಯ ಸಾಲಿಗೆ ಅವನಿಗೇ ಕೇಳಿಸದಷ್ಟಾಯಿತು.

ಅಮ್ಮನ ಮುಖದಲ್ಲಿ ನಗು ಇರಲಿಲ್ಲ.

“ಛೀ, ನಿಲ್ಸೋ. ಆ ಸಿಂಹದವನು ಬೈದಾಗ ನಂಗೇನೂ ಅನ್ನಿಸ್ಲಿಲ್ಲ. ಈಗ ನಾಚಿಕೆ ಆಗ್ತಿದೆ. ಆರು ವರ್ಷ ದುಡಿದೋನು ನಿಂದೇ ಪತ್ರ ಕೇಳೋಕೆ ಹಿಂಗಾ ಬರೆಯೋದು? ಇನ್ನೊಂದು ಬರಿ. ನೆಟ್ಟಗೆ ಬರಿ.”

“ಬರೆದ್ರೆ ಅದಕ್ಕೂ ನಂಬರ್ ಹಾಕಿ ಇಟ್ಕೋತಾರಮ್ಮ. ನಲವತ್ನಾಲ್ಕು ಅಂತ. ಪತ್ರ ಮಾತ್ರ ಬರಲ್ಲ.”

“ಇಟ್ಕೊಳ್ಳಲಿ ಬಿಡು. ತಲೆ ತಗ್ಗಿಸೋದು ನಲವತ್ತೆರಡಿದಾವಲ್ಲ, ತಲೆ ಎತ್ತೋದು ಎರಡಾದ್ರೂ ಇರ್ಲಿ.”

ಅಮ್ಮ ಮಂಜು ಕವಿದ ಕಣ್ಣುಗಳನ್ನು ಅವನ ದನಿ ಬಂದ ಕಡೆಗೆ ನೆಟ್ಟು ಕಾಯುತ್ತಾ ಕೂತಳು. ವಿಷಾದರಾಯ ಮೊಬೈಲನ್ನು ಸರಿಯಾಗಿ ಹಿಡಿದುಕೊಂಡು, ‘ಸ್ವಾಮಿ’ ಎಂದು ಶುರುಮಾಡಿದ.