ತಲೆಯೊಳಗಿನ ಬಾಡಿಗೆದಾರರು

ಹೆಂಡತಿಯ ಅಣ್ಣ ಬಾಗಿಲು ತಟ್ಟಿದಾಗ ಚಾಳೀಸಪ್ಪ, "ಕರೆಂಟ್ ಮೀಟರ್ ಮೆಟ್ಟಿಲ ಕೆಳಗಿದೆ, ನೋಡ್ಕೊಳ್ಳಿ" ಎಂದು ಬಾಗಿಲು ಹಾಕಿಕೊಂಡಿದ್ದೇ ಇಷ್ಟಕ್ಕೆಲ್ಲ ಕಾರಣ. ಭಾವ ಬಹಳ ಸಾಧು. ಮೀಟರ್ ನೋಡಿಕೊಂಡು ಹೊರಟುಹೋದರು.

ಮರುದಿನ ಬೆಳಿಗ್ಗೆ ಹೆಂಡತಿ ಟೀ ಲೋಟ ಕುಕ್ಕಿದಳು. "ರೀ, ಸಾಯಂಕಾಲ ನಮ್ಮ ಕಡೆಯವರೆಲ್ಲ ಬರ್ತಾರೆ. ಒಬ್ಬರನ್ನ ಗುರುತು ಹಿಡೀದೆ ಹೋದ್ರೂ ಅವರ ಜೊತೇಲೇ ನಾನೂ ಹೊರಟೆ. ತಮಾಷೆಗೆ ಹೇಳ್ತಿಲ್ಲ."

ಅವಳು ತಮಾಷೆಗೆ ಹೇಳುವವಳಲ್ಲ. ಅವಳಿಲ್ಲದ ಮನೆಯನ್ನು ನೆನೆದ ಚಾಳೀಸಪ್ಪ ಟೀಯನ್ನೂ ಮುಟ್ಟದೆ ಅಂಗಡಿಗೆ ಹೊರಟ.

ಅವನದು ಕನ್ನಡಕದ, ಅಂದರೆ ಹಳಬರ ಬಾಯಲ್ಲಿ ಚಾಳೀಸಿನ, ಅಂಗಡಿ. ಚಾಳೀಸಪ್ಪ ಎಂಬ ಅಡ್ಡಹೆಸರು ಬಂದದ್ದೂ ಅದರಿಂದಲೇ. ಊರಿನ ಅರ್ಧ ಮೂಗುಗಳ ಅಳತೆ ಬಾಯಿಪಾಠ. ಆದರೆ ಹೆಂಡತಿಯ ಕಡೆಯವರ ಮುಖ ಮಾತ್ರ ತಲೆಯಲ್ಲಿ ನಿಲ್ಲುವುದಿಲ್ಲ. ಫ್ರೇಮ್ ಬಿಗಿ ಮಾಡಿಸಲು ಬಂದ ಮೆದುಳಿನ ಡಾಕ್ಟರರನ್ನು ಅವತ್ತು ಇದೇಕೆ ಹೀಗೆಂದು ಕೇಳಿಯೇ ಬಿಟ್ಟ.

ಡಾಕ್ಟರು ತಮ್ಮ ಹಣೆಯನ್ನು ಬೆರಳಿಂದ ತಟ್ಟಿ ತೋರಿಸಿದರು. "ಮಂಗಗಳಲ್ಲಿ ನೋಡಿ, ದೊಡ್ಡ ಗುಂಪಲ್ಲಿ ಬದುಕೋವಕ್ಕೆ ಮೆದುಳಿನ ಈ ಹೊರಪದರಾನೂ ದೊಡ್ಡದು. ಯಾರು ನಮ್ಮವರು, ಯಾರಿಗೆ ಯಾರ ಮೇಲೆ ಸಿಟ್ಟು, ಎಲ್ಲ ನೆನಪಿಡ್ಬೇಕಲ್ಲ. ನಮ್ಮದು ಇನ್ನೂ ದೊಡ್ಡದು. ಆದ್ರೂ ಒಂದು ಮಿತಿ ಇದೆ ಅಂತಾರೆ ಕೆಲವರು. ಇಂತಿಷ್ಟು ಜನಕ್ಕಿಂತ ಹೆಚ್ಚು ಹಿಡಿಸಲ್ಲ."

"ಅಂದ್ರೆ ಜಾಗದ ಅಭಾವ!"

"ಹಾಗಲ್ಲ, ಅದು..." ಎನ್ನುವಷ್ಟರಲ್ಲಿ ಚಾಳೀಸಪ್ಪ ಷಟರ್ ಎಳೆಯುತ್ತಿದ್ದ. ಡಾಕ್ಟರು ಬಗ್ಗಿ ಹೊರಗೆ ಬಂದರು.

ತಲೆಯ ತುಂಬ ಬೀದಿಯ ಜನ ಹಾಯಾಗಿ ಕೂತಿದ್ದಾರೆ, ಹೆಂಡತಿಯ ಕಡೆಯವರು ಹೊರಗೆ ನಿಂತಿದ್ದಾರೆ. ಕೆಲವರನ್ನು ಖಾಲಿ ಮಾಡಿಸಲೇಬೇಕು. ಹೇಳದೆ ಕೇಳದೆ ಖಾಲಿ ಮಾಡಿಸುವುದು ಮಾತ್ರ ಮರ್ಯಾದೆಯಲ್ಲ. ಮುಖಕ್ಕೇ ಹೇಳಿಬಿಡುತ್ತೇನೆಂದು ಟೊಂಕ ಕಟ್ಟಿ ಹೊರಟ.

ಮೊದಲು ಪಕ್ಕದ ಕ್ಷೌರದಂಗಡಿ. ಸಂಜೆಗೆ ಚೆನ್ನಾಗಿಯೂ ಕಾಣಬೇಕಲ್ಲ, ಎರಡೂ ಕೆಲಸ ಒಟ್ಟಿಗೆ ಆಗಲೆಂದು ಕುರ್ಚಿಯಲ್ಲಿ ಕೂತ. ಕತ್ತರಿ ಅರ್ಧ ತಲೆ ದಾಟಿದಾಗ ಹೇಳಿದ: "ಬೇಜಾರು ಮಾಡ್ಕೋಬೇಡಿ, ನಿಮ್ಮನ್ನ ನನ್ನ ತಲೆಯಿಂದ ತೆಗೀತಾ ಇದೀನಿ."

ಕತ್ತರಿ ನಿಂತಿತು. "ಯಾಕೆ ಸಾರ್?"

"ನಮ್ಮ ಮಾವನ ಅಣ್ಣ ಇದಾರಲ್ಲ, ದೊಡ್ಡಮಾವ, ಅವರಿಗೆ ಜಾಗ ಬೇಕು."

ಕ್ಷೌರದವನು ಹೆಗಲ ಮೇಲಿನ ಬಟ್ಟೆ ತೆಗೆದು ಕೊಡವಿ ಮಡಿಸಿಟ್ಟ. "ಸರಿ. ನಾನೂ ಅರ್ಧಕ್ಕೇ ಬಿಟ್ಟೆ. ಈಗ ಹೇಗೆ ಮರೀತೀರೋ ಮರೀರಿ, ನೋಡೋಣ!"

ಅರ್ಧ ಕಾಡು, ಅರ್ಧ ಬಯಲಾದ ತಲೆ ಹೊತ್ತು ಚಾಳೀಸಪ್ಪ ಮನೆ ಕಡೆ ನಡೆದ. ಹಿಂಜರಿಯುವ ಮಾತೇ ಇಲ್ಲ. ಸೀದಾ ಮಹಡಿ ಹತ್ತಿ ಮೇಲ್ಮನೆ ಅಜ್ಜಿಗೂ ವಿಷಯ ತಿಳಿಸಿದ.

"ನನ್ನ ಜಾಗಕ್ಕೆ ಯಾರನ್ನ ತರ್ತೀಯೋ?"

"ನಮ್ಮ ಚಿಕ್ಕತ್ತೆಯನ್ನ."

"ನಿನಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತೋಳು ನಾನು! ಆ ಚಿಕ್ಕತ್ತೆ ಬಂದು ಹಣೆ ಮುಟ್ಟಿ ನೋಡಿದ್ಳಾ?"

ಅಜ್ಜಿಯ ದನಿಗೆ ಕಟ್ಟಡದ ಬಾಗಿಲುಗಳೆಲ್ಲ ತೆರೆದವು. ವಿಷಯ ತಿಳಿದ ಮೇಲಂತೂ ಮೆಟ್ಟಿಲ ಮೇಲೆ ಗಲಾಟೆಯೋ ಗಲಾಟೆ.

"ನಾನು ಇದೀನಾ, ಹೋದೆನಾ?" ಎಂದ ಕೆಳಮನೆಯ ಡ್ರೈವರ್.

"ಇವನನ್ನ ಇಟ್ಕೊಂಡು ನನ್ನನ್ನ ತೆಗೆದ್ರಾ?" ಎಂದರು ಎದುರುಮನೆಯ ಟೀಚರ್.

ಚಾಳೀಸಪ್ಪ ಕೈ ಮುಗಿದ. "ಎಲ್ರೂ ದಯವಿಟ್ಟು ಖಾಲಿ ಮಾಡಿ. ಇದು ನನ್ನ ಸಂಸಾರದ ಪ್ರಶ್ನೆ."

ಎಲ್ಲರೂ ಮುಖ ತಿರುಗಿಸಿಕೊಂಡು ಹೋದರು. ಪಾಪ, ಅವನಿಗೂ ಸಂಕಟವಾಯಿತು. ಆದರೂ ಹಲ್ಲು ಕಚ್ಚಿ ಮದುವೆಯ ಫೋಟೋಗಳ ಮುಂದೆ ಕೂತ. ಯಾರ ಕನ್ನಡಕ ಜಾರಿದೆ, ಯಾರು ಜಂಬಕ್ಕೆ ಕನ್ನಡಕವಿಲ್ಲದೆ ಕಣ್ಣು ಕಿರಿದು ಮಾಡಿ ನಿಂತಿದ್ದಾರೆ ಎಂದು ತನಗೆ ಗೊತ್ತಿದ್ದ ವಿದ್ಯೆಯಲ್ಲೇ ಒಬ್ಬೊಬ್ಬರನ್ನೂ ಉರು ಹೊಡೆದ.

ಸಂಜೆ ವ್ಯಾನು ತುಂಬ ಬಂದಿಳಿದರು. ಚಾಳೀಸಪ್ಪ ಬಾಗಿಲಲ್ಲೇ ನಿಂತಿದ್ದ. "ಬನ್ನಿ ದೊಡ್ಡಮಾವ, ಮಂಡಿ ನೋವು ಹೇಗಿದೆ? ಬನ್ನಿ ಚಿಕ್ಕತ್ತೆ. ಭಾವ, ನಿನ್ನೆ ದೊಡ್ಡ ತಪ್ಪಾಯ್ತು..." ಒಬ್ಬರೂ ತಪ್ಪಲಿಲ್ಲ. ಹೆಂಡತಿಯ ಕಣ್ಣು ತುಂಬಿ ಬಂತು. ಗಂಡನ ಅರ್ಧ ತಲೆಯನ್ನೂ ಪ್ರೀತಿಯಿಂದಲೇ ನೋಡಿದಳು. ಗೆದ್ದುಬಿಟ್ಟೆ ಎಂದುಕೊಂಡ ಚಾಳೀಸಪ್ಪ.

"ತಲೆ ಏನಾಯ್ತಪ್ಪಾ?" ಎಂದು ದೊಡ್ಡಮಾವ ಕೇಳಿದರು.

ಅವನು ಎದೆಯುಬ್ಬಿಸಿ ಎಲ್ಲ ಹೇಳಿದ. ಕೇಳುತ್ತ ಕೇಳುತ್ತ ದೊಡ್ಡಮಾವ ಅವನ ಕೈ ಹಿಡಿದುಕೊಂಡರು.

"ನಮ್ಮ ಕೂಡುಮನೆ ಒಡೆದು ಕಟ್ಟಿಸ್ತಾ ಇದೀವಿ. ಮುಗಿಯೋವರೆಗೂ ಎಲ್ಲಿರೋದು ಅನ್ನೋದೇ ಚಿಂತೆ. ಇಲ್ಲಿ ನಮ್ಮ ಗುರುತೇ ಹಿಡಿಯಲ್ವಲ್ಲ, ಕೇಳೋದು ಹೇಗೆ ಅಂತ ಇಷ್ಟು ದಿನ ಸುಮ್ಮನಿದ್ವಿ. ತಲೇಲೇ ಇಷ್ಟು ಜಾಗ ಮಾಡಿಕೊಟ್ಟೋನು ಮನೇಲಿ ಮಾಡ್ಕೊಡಲ್ವಾ?" ಎಂದವರೇ ಕಿಟಕಿಯಿಂದ ವ್ಯಾನಿನ ಕಡೆಗೆ ಕೂಗಿದರು: "ಸಾಮಾನು ಇಳಿಸ್ರೋ!"

ಎರಡು ಕೋಣೆಯ ಮನೆ ಹೊಸಿಲವರೆಗೂ ತುಂಬಿತು. ಮಲಗುವ ಹೊತ್ತಿಗೆ ಕಾಲಿಡಲೂ ಎಡೆಯಿಲ್ಲದೆ, ಚಾಳೀಸಪ್ಪ ಚಾಪೆಯನ್ನು ಕಂಕುಳಿಗೆ ಸೇರಿಸಿ ಮಹಡಿ ಹತ್ತಿದ.

"ಅಜ್ಜೀ, ನಿಮ್ಮ ಹಜಾರದಲ್ಲಿ ಒಂದು ಮೂಲೆ ಸಿಕ್ಕಿದ್ರೂ ಸಾಕು..."

ಬಾಗಿಲು ಅರ್ಧ ತೆರೆಯಿತು. ಅಜ್ಜಿಯ ಬೆನ್ನ ಹಿಂದೆ ಇಡೀ ಹಜಾರ ಖಾಲಿ ಬಿದ್ದಿತ್ತು.

"ಜಾಗ ಇಲ್ಲಪ್ಪಾ," ಎಂದರು ಅಜ್ಜಿ. "ಎಲ್ಲಾ ಭರ್ತಿ."